ಬಣ್ಣದ ಇ-ರೀಡರ್: ಯಾವ ಪರದೆ ಕೊಳ್ಳಲಿ?

ಮಗಳ ಚಿತ್ರಕತೆ, ನಿಮ್ಮ ಕಾದಂಬರಿ ಎರಡಕ್ಕೂ ಒಂದೇ ಸಾಧನ ಬೇಕೆಂದಿದ್ದೀರಿ. ಹಾಗಾದರೆ ಕೆಲೈಡೊ 3 ಪರದೆಯದ್ದನ್ನೇ ಕೊಳ್ಳಿ. ಕಪ್ಪು-ಬಿಳುಪು ಇ-ಇಂಕ್ ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್ ಕೂರಿಸಿದ ತಂತ್ರಜ್ಞಾನವಿದು. ಕಪ್ಪು ಅಕ್ಷರ ಇಂಚಿಗೆ 300 ಪಿಕ್ಸೆಲ್‌ನಲ್ಲಿ ಚೂಪಾಗಿ ಮೂಡುತ್ತದೆ. ಬಣ್ಣಕ್ಕೆ 150 ಮಾತ್ರ. ಹಾಗಾಗಿ ಬಣ್ಣದಲ್ಲಿ ಅಚ್ಚಾದ ಸಣ್ಣ ಒತ್ತಕ್ಷರಗಳು ಮಸುಕಾಗಬಹುದು. ಫಿಲ್ಟರ್ ಬೆಳಕನ್ನು ನುಂಗುವುದರಿಂದ ಹಾಳೆಯ ಬಿಳುಪೂ ತುಸು ಬೂದು ಬಣ್ಣವಾಗಿ ಕಾಣುತ್ತದೆ. ಮನೆಯೊಳಗೆ ಮುಂಬದಿಯ ದೀಪ ಹಚ್ಚಿಕೊಳ್ಳಬೇಕಾಗುತ್ತದೆ, ಬ್ಯಾಟರಿ ಬೇಗ ಇಳಿಯುವುದು ಅದರಿಂದಲೇ.

ಇನ್ನೊಂದು ಬಣ್ಣದ ಇ-ಇಂಕ್ ಪರದೆಯಾದ ಗ್ಯಾಲರಿ 3ರಲ್ಲಿ ಫಿಲ್ಟರೇ ಇಲ್ಲ. ಬಿಳಿ, ಸಯಾನ್, ಮಜೆಂಟಾ, ಹಳದಿ ಕಣಗಳು ವಿದ್ಯುತ್ ಒತ್ತಡಕ್ಕೆ ತಕ್ಕಂತೆ ಸರಿದು ಬಣ್ಣ ಕಟ್ಟುತ್ತವೆ. ಅಚ್ಚಿನ ಪುಸ್ತಕಕ್ಕೆ ಹತ್ತಿರವಾದ ಆ ಬಣ್ಣ ನನಗೆ ಬಹಳ ಇಷ್ಟ. ಆದರೆ ಅತ್ಯುತ್ತಮ ಬಣ್ಣದ ಪುಟ ಮೂಡಲು ಸುಮಾರು ಒಂದೂವರೆ ಸೆಕೆಂಡು ಬೇಕು. ಸರಸರನೆ ಪುಟ ತಿರುವುವ ಮಗುವಿಗೆ ಅದು ಹೊಂದದು.

ಮೂರನೆಯ ಆಯ್ಕೆಯಾದ ಪ್ರತಿಫಲಕ ಎಲ್‌ಸಿಡಿಯಲ್ಲಿ ವಿಡಿಯೊ ಕೂಡ ಓಡುತ್ತದೆ. ಆದರೆ ಇ-ಇಂಕ್‌ನಂತೆ ವಿದ್ಯುತ್ತಿಲ್ಲದೆ ಪುಟವನ್ನು ಹಿಡಿದಿಡುವ ಗುಣ ಸಾಮಾನ್ಯವಾಗಿ ಅದಕ್ಕಿಲ್ಲ.

ಅಂಗಡಿಯಲ್ಲಿ ಮುಂಬದಿಯ ದೀಪ ಆರಿಸಿಯೂ ಒಮ್ಮೆ ಓದಿ ನೋಡಿ. ಮಗಳಿಗೆ ಬೇರೆ ಟ್ಯಾಬ್ಲೆಟ್ ಇದ್ದರೆ, ನಿಮ್ಮ ಕಾದಂಬರಿಗೆ ಕಪ್ಪು-ಬಿಳುಪು ಪರದೆಯೇ ಸರಿ.