ಲಿಂಬೆ, ಕಿತ್ತಳೆ, ಚಕ್ಕೋತ: ಆಹಾರ ಹೌದು, ಚಿಕಿತ್ಸೆ ಅಲ್ಲ

ಕಳೆದ ಮಳೆಗಾಲದಲ್ಲಿ ರೋಗಿಗಳ ಭೇಟಿಗೆ ಹೋದಾಗ, ಬಾಯಿಯ ಕ್ಯಾನ್ಸರ್ ತಗಲಿದ ಹಿರಿಯರೊಬ್ಬರು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟು ಬಿಸಿ ಲಿಂಬೆ ನೀರು ಕುಡಿಯುತ್ತಿದ್ದುದನ್ನು ಕಂಡೆವು. "ಕೀಮೋಗಿಂತ ಲಿಂಬೆಗೆ 10,000 ಪಟ್ಟು ಶಕ್ತಿ ಇದೆಯಂತೆ ಫಾದರ್" ಎಂದು ಮಗ ಮೊಬೈಲಿನಲ್ಲಿ ಬಂದ ಸಂದೇಶ ತೋರಿಸಿದ. ಈ ಮಾತಿನಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ತಿಳಿಯೋಣ.

ಹುಳಿ ಜಾತಿಯ ಹಣ್ಣುಗಳಲ್ಲಿ ಸಿ ಜೀವಸತ್ವದ ಜೊತೆಗೆ ಫ್ಲೇವನಾಯ್ಡ್ ಎಂಬ ಪದಾರ್ಥಗಳಿವೆ. ಇವುಗಳಲ್ಲಿ ಒಂದಾದ ಹೆಸ್ಪೆರಿಡಿನ್ ಅನ್ನು ಫ್ರಾನ್ಸಿನ ಲೆಬ್ರೆಟನ್ 1828ರಲ್ಲಿ ಸಿಪ್ಪೆಯ ಒಳಗಿನ ಬಿಳಿ ಭಾಗದಿಂದ ಬೇರ್ಪಡಿಸಿದರು. ಚಕ್ಕೋತಕ್ಕೆ ಕಹಿ ಕೊಡುವುದು ನರಿಂಜಿನ್. ನಮ್ಮ 'ನಾರಂಗ' ಶಬ್ದವೇ ಆ ಹೆಸರಿನ ಮೂಲ. ಕಿತ್ತಳೆ ಸಿಪ್ಪೆಯಲ್ಲಿ ನೊಬಿಲೆಟಿನ್, ಟ್ಯಾಂಜೆರೆಟಿನ್ ಎಂಬವೂ ಇವೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಈ ಪದಾರ್ಥಗಳು ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆದಿವೆ. ಹೆಸ್ಪೆರಿಡಿನ್ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಡಿಮೆಯಾದದ್ದೂ ಉಂಟು. ಆದರೆ ಮನುಷ್ಯನ ವಿಷಯ ಬೇರೆ. ನಾವು ತಿಂದ ಹೆಸ್ಪೆರಿಡಿನ್‌ನಲ್ಲಿ ಸ್ವಲ್ಪವೇ ಮೈಗೆ ಹತ್ತುತ್ತದೆ. ತಟ್ಟೆಯಲ್ಲಿ ಹಾಕಿದಷ್ಟು ಪ್ರಮಾಣ ರಕ್ತದಲ್ಲಿ ಸೇರುವುದಿಲ್ಲ. ಹಣ್ಣು ಹೆಚ್ಚು ತಿನ್ನುವವರಲ್ಲಿ ಬಾಯಿ ಮತ್ತು ಹೊಟ್ಟೆಯ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಅಂಥವರು ಬೀಡಿ, ಮದ್ಯಗಳಿಂದಲೂ ದೂರ ಇರುವುದುಂಟು. ಹಾಗಾಗಿ ಇದು ಹಣ್ಣಿನಿಂದಲೇ ಆಯಿತೆನ್ನಲಾಗದು. ಬಂದ ಕ್ಯಾನ್ಸರನ್ನು ಲಿಂಬೆ ಗುಣಪಡಿಸಿದ್ದಕ್ಕೆ ಪುರಾವೆಯಿಲ್ಲ. 10,000 ಪಟ್ಟು ಎಂಬುದು ಶುದ್ಧ ಸುಳ್ಳು.

ಇನ್ನೊಂದು ಮಾತು ನಮಗೆ ಹೇಳಲೂ ಕಷ್ಟ, ನಿಮಗೆ ಕೇಳಲೂ ಕಷ್ಟ. ಅಡಿಕೆ ನಮ್ಮ ಅನ್ನದ ಬೆಳೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ 2004ರಲ್ಲಿ ಸೇರಿಸಿದೆ. ದಿನವಿಡೀ ಅಗಿಯುವ ಬಾಯಿಯನ್ನು ಒಂದು ಲೋಟ ಪಾನಕ ಕಾಪಾಡಲಾರದು.

ನೆನಪಿಡಬೇಕಾದವು:

1. ಹಣ್ಣನ್ನು ಬರೇ ರಸ ಹಿಂಡದೆ ತೊಳೆಯ ಬಿಳಿ ಪೊರೆಯೊಂದಿಗೆ ತಿನ್ನಿರಿ. ಸಿಪ್ಪೆ ಬಳಸುವುದಾದರೆ ಮದ್ದು ಸಿಂಪಡಿಸದ ಮರದ್ದನ್ನೇ ಚೆನ್ನಾಗಿ ತೊಳೆದು ಬಳಸಿರಿ.

2. ಚಕ್ಕೋತ ಮತ್ತು ಅದರ ಸಂಬಂಧಿ ಗ್ರೇಪ್‌ಫ್ರೂಟ್ ಕೆಲವು ರಕ್ತದೊತ್ತಡ, ಕೊಲೆಸ್ಟರಾಲ್, ಕ್ಯಾನ್ಸರ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲವು. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ತಿನ್ನಿರಿ.

3. ಬಾಯಿಗೆ ವಿಕಿರಣ ಚಿಕಿತ್ಸೆ ನಡೆಯುವಾಗ ಹುಳಿ ಉರಿ ತರುತ್ತದೆ, ಬೇಡ.

4. ಬಾಯಿಯ ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಕಲೆ ಕಂಡರೆ, ಬಾಯಿ ಅಗಲವಾಗಿ ತೆರೆಯಲು ಬಾರದಿದ್ದರೆ ತಡಮಾಡದೆ ತೋರಿಸಿರಿ. ಬೇಗ ಕಂಡುಹಿಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಆ ಹಿರಿಯರು ಈಗ ಮತ್ತೆ ಆಸ್ಪತ್ರೆಗೆ ಹೋಗುತ್ತಿದ್ದಾರೆ. ಕಳೆದುಹೋದ ನಾಲ್ಕು ತಿಂಗಳು ಮಾತ್ರ ಹಿಂದೆ ಬರುವುದಿಲ್ಲ. ಆಸ್ಪತ್ರೆಗೆ ಹೋಗಲು ಭಯವಾದರೆ, ಜೊತೆಗೆ ಜನವಿಲ್ಲದಿದ್ದರೆ ಸಂಕೋಚಪಡದೆ ನಮಗೆ ತಿಳಿಸಿರಿ; ಜೊತೆಯಲ್ಲಿ ಬರುತ್ತೇವೆ.