ಒಮಾಹಾ ಮೊದಲೋ, ಒಪ್ಪಂದ ಮೊದಲೋ?

ಮೇ ತಿಂಗಳ ಕೊನೆಯ ಸೋಮವಾರ, ಒಮಾಹಾದಲ್ಲಿ ಕೊನೆಗೊಳ್ಳುವ ಅಮೆರಿಕದ ಕಾಲೇಜು ಬೇಸ್‌ಬಾಲ್ ಟೂರ್ನಿಗೆ ಆಯ್ಕೆಯಾದ 64 ತಂಡಗಳ ಪಟ್ಟಿ ಹೊರಬೀಳುತ್ತದೆ. ಜುಲೈ ನಡುವೆ ವೃತ್ತಿ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಈ ಆರೇಳು ವಾರಗಳಲ್ಲಿ ನನಗೆ ಬರುವಷ್ಟು ಪತ್ರ ವರ್ಷದ ಉಳಿದ ದಿನಗಳಲ್ಲಿ ಬರುವುದಿಲ್ಲ. ದಕ್ಷಿಣದ ವಿಶ್ವವಿದ್ಯಾಲಯವೊಂದರಲ್ಲಿ ಹನ್ನೆರಡು ವರ್ಷ ಆಟಗಾರ ವಿದ್ಯಾರ್ಥಿಗಳ ವ್ಯಾಸಂಗ ಸಲಹೆಗಾರನಾಗಿದ್ದವನು ನಾನು. ಆ ಅನುಭವದ ಬಲದ ಮೇಲೆ ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗ ಮೂರನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ, ಕಾಲೇಜು ತಂಡದ ಪಿಚರ್. ಐದರಿಂದ ಎಂಟನೇ ಸುತ್ತಿನೊಳಗೆ ಯಾವುದಾದರೂ ತಂಡ ಆರಿಸಿಕೊಳ್ಳಬಹುದು ಎಂದು ಸ್ಕೌಟ್‌ಗಳು ಹೇಳುತ್ತಿದ್ದಾರೆ. "ಇನ್ನೊಂದೇ ವರ್ಷ, ಡಿಗ್ರಿ ಮುಗಿಸಲಿ, ಆಟ ಎಲ್ಲಿಗೆ ಓಡಿಹೋಗುತ್ತೆ" ಎನ್ನುತ್ತಾರೆ ನಮ್ಮ ಯಜಮಾನರು. ಮಗ ಮಾತೇ ಆಡುತ್ತಿಲ್ಲ. ಅವನು ಬೇಡವೆಂದು ಕಾಲೇಜಿನಲ್ಲೇ ಉಳಿದು, ಆಮೇಲೆ ಕೈಗೆ ಪೆಟ್ಟಾದರೆ ಎಂಬ ಭಯ ನನಗೆ.
— ಒಬ್ಬ ತಾಯಿ, ಕ್ಯಾರಿ, ಉತ್ತರ ಕೆರೊಲಿನಾ

ಉತ್ತರ: ನಿಮ್ಮ ಯಜಮಾನರ ಕಾಳಜಿ ಸರಿಯಾದದ್ದೇ. ಆದರೆ ಓಡಿಹೋಗುವುದು ಆಟವೂ ಅಲ್ಲ, ಡಿಗ್ರಿಯೂ ಅಲ್ಲ. ಚೌಕಾಸಿ ಮಾಡುವ ಶಕ್ತಿ ಓಡಿಹೋಗುತ್ತದೆ. ಅದು ಹೇಗೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡ್ರಾಫ್ಟ್‌ನಲ್ಲಿ ಆರಿಸಿದವರಿಗೆ ಕೊಡುವ ಬೋನಸ್‌ಗೆ 2012ರಿಂದ ಪ್ರತಿ ತಂಡಕ್ಕೂ ಒಂದು ಒಟ್ಟು ಮಿತಿ ಇದೆ. ಮೊದಲ ಹತ್ತು ಸುತ್ತುಗಳ ಪ್ರತಿ ಸ್ಥಾನಕ್ಕೂ ಒಂದು ಬೆಲೆ ಗೊತ್ತುಮಾಡಿರುತ್ತಾರೆ. ಎಲ್ಲವನ್ನೂ ಕೂಡಿದರೆ ಬರುವುದೇ ಆ ತಂಡದ ಮಿತಿ. ಅದನ್ನು ಶೇ 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯೇ ಕೈತಪ್ಪುತ್ತದೆ. ಇನ್ನೊಂದು ಮಾತು: ಆರಿಸಿಕೊಂಡ ಹುಡುಗ ಸಹಿ ಹಾಕದಿದ್ದರೆ ಅವನ ಸ್ಥಾನಕ್ಕೆ ಇದ್ದ ಹಣವನ್ನು ತಂಡ ಬೇರೆಯವರಿಗೆ ಕೊಡುವಂತಿಲ್ಲ, ಅದು ಮಿತಿಯಿಂದಲೇ ಕಳೆದುಹೋಗುತ್ತದೆ. ಹಾಗಾಗಿ "ಈ ಮೊತ್ತಕ್ಕೆ ಒಪ್ಪುವುದಿಲ್ಲ, ಕಾಲೇಜಿಗೆ ವಾಪಸ್ ಹೋಗುತ್ತೇನೆ" ಎಂದು ಮೂರನೇ ವರ್ಷದ ಹುಡುಗ ಹೇಳಿದರೆ ತಂಡದವರು ಕೂತು ಕೇಳುತ್ತಾರೆ. ನಾಲ್ಕನೇ ವರ್ಷ ಮುಗಿಸಿದವನಿಗೆ ವಾಪಸ್ ಹೋಗಲು ಬಾಗಿಲೇ ಇಲ್ಲ. ಅಂಥವರನ್ನು ಹತ್ತನೇ ಸುತ್ತಿನೊಳಗೆ ಆರಿಸಿ, ಕೆಲವೇ ಸಾವಿರ ಡಾಲರ್‌ಗೆ ಸಹಿ ಹಾಕಿಸಿ, ಉಳಿದ ಹಣವನ್ನು ಇನ್ನೊಬ್ಬನ ಮೇಲೆ ಸುರಿಯುವುದು ತಂಡಗಳ ಹಳೆಯ ರೂಢಿ. ಉಳಿತಾಯ ಮೇಲಿನ ಹಂತದಲ್ಲೂ ನಡೆಯುತ್ತದೆ. 2024ರಲ್ಲಿ ಮೊದಲ ಸ್ಥಾನದ ಬೆಲೆ 1 ಕೋಟಿ 5 ಲಕ್ಷ ಡಾಲರ್ ದಾಟಿತ್ತು, ಕ್ಲೀವ್‌ಲ್ಯಾಂಡ್ ತಂಡ ಟ್ರಾವಿಸ್ ಬಜಾನಾ ಅವರೊಂದಿಗೆ 89 ಲಕ್ಷ 50 ಸಾವಿರಕ್ಕೆ ಮುಗಿಸಿತು.

ಹಾಗೆಂದು ಸಿಕ್ಕಿದ್ದಕ್ಕೆ ಸಹಿ ಹಾಕಿ ಎನ್ನುತ್ತಿಲ್ಲ. ಬೋನಸ್ ಒಮ್ಮೆ ಮಾತ್ರ ಬರುವ ಹಣ, ಅದಕ್ಕೆ ತೆರಿಗೆ ಇದೆ. ಆಮೇಲೆ ಮೈನರ್ ಲೀಗ್ ಸಂಬಳ. 2023ರ ಒಪ್ಪಂದದ ಬಳಿಕ ಅದು ಸುಧಾರಿಸಿದೆ ನಿಜ, ಆದರೂ ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿರುವ ಡಬಲ್-ಎ ಹಂತದಲ್ಲಿ ಆ ವರ್ಷ ನಿಗದಿಯಾದ ಕನಿಷ್ಠ ಮೊತ್ತ ವರ್ಷಕ್ಕೆ 30,250 ಡಾಲರ್. ಮಗ ಬಸ್ಸಿನಲ್ಲಿ ರಾತ್ರಿ ಕಳೆಯುವ ಮೂರ್ನಾಲ್ಕು ವರ್ಷಗಳನ್ನು ಲೆಕ್ಕಕ್ಕೆ ಹಿಡಿದೇ ಮಾತಾಡಿ.

ಡಿಗ್ರಿಯ ವಿಷಯ. ಒಪ್ಪಂದದೊಳಗೇ ಮುಂದಿನ ಓದಿನ ಖರ್ಚನ್ನು ತಂಡದ ತಲೆಗೆ ಹಾಕುವ ಕಾಲೇಜು ವಿದ್ಯಾರ್ಥಿವೇತನ ಯೋಜನೆ ಇದೆ. ಆಟ ಬಿಟ್ಟ ಎರಡು ವರ್ಷದೊಳಗೆ ಓದು ಶುರು ಮಾಡಬೇಕೆಂಬುದು ಷರತ್ತು. ಅದನ್ನು ಕೇಳದೆ ಸಹಿ ಹಾಕಿದ ಮನೆಗಳನ್ನು ನೋಡಿ ಹೊಟ್ಟೆ ಉರಿದಿದೆ ನನಗೆ, ಕೇಳಲು ಸಂಕೋಚ ಬೇಡ. ಆದರೆ ನಿಮ್ಮ ಮಗ ಓದುತ್ತಿರುವುದು ಎಂಜಿನಿಯರಿಂಗ್. ವಾಣಿಜ್ಯದ ಹುಡುಗರು ಚಳಿಗಾಲದ ಬಿಡುವಿನಲ್ಲಿ ಆನ್‌ಲೈನ್ ತರಗತಿ ಮಾಡಿ ಮುಗಿಸಿದ್ದನ್ನು ಕಂಡಿದ್ದೇನೆ. ಲ್ಯಾಬ್ ಇರುವ ಓದು ಐದು ವರ್ಷದ ಬಳಿಕ ಕೈಗೆ ಹತ್ತುವುದು ಕಷ್ಟ. ಆ ಕಷ್ಟಕ್ಕೂ ಒಂದು ಬೆಲೆ ಕಟ್ಟಿ.

ಕೈ ಪೆಟ್ಟಿನ ಭಯಕ್ಕೆ ಪಿಚರ್ ಕುಮಾರ್ ರಾಕರ್ ಅವರ ಕಥೆ ಹೇಳಬೇಕು. ಅವರ ತಾಯಿಯ ಹೆತ್ತವರು ಭಾರತದಿಂದ ಬಂದವರು. ವ್ಯಾಂಡರ್‌ಬಿಲ್ಟ್‌ನಲ್ಲಿ ಮೊದಲ ವರ್ಷದ ಹುಡುಗನಾಗಿದ್ದಾಗ, 2019ರ ಟೂರ್ನಿಯ ಎರಡನೇ ಘಟ್ಟವಾದ ಸೂಪರ್ ರೀಜನಲ್‌ನಲ್ಲಿ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಹತ್ತನೆಯವರಾಗಿ ಆರಿಸಿತು, 60 ಲಕ್ಷ ಡಾಲರ್‌ಗೆ ಮಾತಾಗಿದೆ ಎಂದು ವರದಿಯಾಯಿತು. ವೈದ್ಯಕೀಯ ತಪಾಸಣೆಯ ನಂತರ ತಂಡ ಹಿಂದೆ ಸರಿಯಿತು. ಅವರು ಕಾಲೇಜಿಗೂ ಮರಳಲಿಲ್ಲ, ಸ್ವತಂತ್ರ ಲೀಗ್‌ನ ಸಣ್ಣ ತಂಡವೊಂದರ ಪರ ಎಸೆದರು. ಮರುವರ್ಷ ಟೆಕ್ಸಾಸ್ ರೇಂಜರ್ಸ್ ಅವರನ್ನೇ ಮೂರನೆಯವರಾಗಿ ಆರಿಸಿ 52 ಲಕ್ಷ ಕೊಟ್ಟಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಕಾಲಿಟ್ಟರು. ಪೆಟ್ಟು ಕಾಲೇಜಿನಲ್ಲಿದ್ದರೂ ಬರುತ್ತದೆ, ಸಹಿ ಹಾಕಿದ ಮೇಲೂ ಬರುತ್ತದೆ. ಸಹಿಯಾದ ಮೇಲೆ ಬಂದರೆ ಬೋನಸ್ ಕೈಯಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ. ಮೆಟ್ಸ್ ಹಿಂದೆ ಸರಿದ ಆ ಘಟನೆಯ ನಂತರ, 2022ರಿಂದ, ಮುಂಚೂಣಿಯ ಆಟಗಾರರು ಡ್ರಾಫ್ಟ್‌ಗೆ ಮೊದಲೇ ತಪಾಸಣೆಗೆ ಒಪ್ಪಿದರೆ ಆ ಸ್ಥಾನದ ಬೆಲೆಯ ಕನಿಷ್ಠ ಶೇ 75ರಷ್ಟನ್ನು ತಂಡ ಕೊಡಮಾಡಲೇಬೇಕೆಂಬ ನಿಯಮ ಬಂತು. ನಿಮ್ಮ ಮಗ ಆ ಮುಂಚೂಣಿಯವರಲ್ಲಿದ್ದರೆ ತಪಾಸಣೆ ತಪ್ಪಿಸಬೇಡಿ.

ಈಗ ಮನೆಯಲ್ಲಿ ಆಗಬೇಕಾದದ್ದು ಒಂದೇ. ಎಷ್ಟು ಕೊಟ್ಟರೆ ಹೋಗುವುದು ಎಂಬ ಅಂಕಿ ಡ್ರಾಫ್ಟ್‌ಗೆ ಮೊದಲೇ ಗೊತ್ತಾಗಲಿ. ಸ್ಕೌಟ್‌ಗಳು ಅದನ್ನೇ ಕೇಳುವುದು. ಅಂಕಿಯನ್ನು ಹೇಳಬೇಕಾದವನು ಮಗ, ನೀವಿಬ್ಬರೂ ಪಕ್ಕದಲ್ಲಿರಿ. ಅವನು ಮಾತಾಡುತ್ತಿಲ್ಲ ಎಂದಿರಿ. ತಂಡ ಇನ್ನೂ ಟೂರ್ನಿಯಲ್ಲಿದೆ, ಅವನ ತಲೆ ಅಲ್ಲೇ ಇದೆ, ಇರಬೇಕಾದದ್ದೂ ಅಲ್ಲೇ. ಕೊನೆಯ ಪಂದ್ಯ ಮುಗಿಯುವ ತನಕ ಈ ಮಾತು ಎತ್ತುವುದಿಲ್ಲ ಎಂದು ಅವನಿಗೆ ಹೇಳಿಬಿಡಿ.

ಪ್ರಶ್ನೆ: ನನ್ನ ತಮ್ಮ ಇಲ್ಲೇ ವಕೀಲ. ಅಣ್ಣನ ಮಗನ ಪರವಾಗಿ ಅವನೇ ತಂಡದವರ ಜೊತೆ ಮಾತಾಡಿದರೆ ಏಜೆಂಟ್ ಖರ್ಚು ಉಳಿಯುತ್ತದಲ್ಲವೇ?
— ಎಡಿಸನ್, ನ್ಯೂಜೆರ್ಸಿ

ಉತ್ತರ: ದಯವಿಟ್ಟು ಬೇಡ. ಒಕ್ಲಹೋಮ ಸ್ಟೇಟ್‌ನ ಪಿಚರ್ ಆ್ಯಂಡಿ ಆಲಿವರ್ ಹೈಸ್ಕೂಲ್ ಮುಗಿಸಿದಾಗ ಅವರ ವಕೀಲರು ತಂಡದವರ ಮಾತುಕತೆಯಲ್ಲಿ ಕೂತಿದ್ದರೆಂಬ ಕಾರಣಕ್ಕೆ, 2008ರಲ್ಲಿ ಸರಿಯಾಗಿ ಟೂರ್ನಿಯ ಮೊದಲ ಘಟ್ಟವಾದ ರೀಜನಲ್ ಶುರುವಾಗುವ ಹೊತ್ತಿಗೆ ಅವರನ್ನು ಆಟದಿಂದ ಹೊರಗಿಟ್ಟರು. ಕೋರ್ಟಿನಲ್ಲಿ ಅವರು ಗೆದ್ದರು, ಕೊನೆಗೆ 7.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಆದರೆ ಆ ಪಂದ್ಯಗಳು ಹೋದದ್ದು ಹೋದವೇ. ನಿಮ್ಮ ತಮ್ಮ ಮನೆಯಲ್ಲಿ ಕೂತು ಒಪ್ಪಂದ ಓದಿ ಹುಡುಗನಿಗೆ ಅರ್ಥ ಹೇಳಲಿ. ಅದಕ್ಕಿಂತ ಒಂದು ಹೆಜ್ಜೆ ಮುಂದಿಡುವ ಮೊದಲು ಕಾಲೇಜಿನ ನಿಯಮಪಾಲನಾ ಕಚೇರಿಯನ್ನು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಪ್ರಶ್ನೆ: ಅಂಕಲ್, ರೀಜನಲ್‌ನ ಮೊದಲ ದಿನ ಶುಕ್ರವಾರ 98 ಎಸೆತ ಹಾಕಿದೆ. ಸೋಮವಾರದ ತನಕ ಪಂದ್ಯ ಎಳೆದರೆ ಮತ್ತೆ ಎಸೀತೀಯಾ ಅಂತ ಕೋಚ್ ಕೇಳಿದ್ರು. ಹೂಂ ಅಂದೆ. ರೂಮಿಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಇಲ್ಲ ಅಂದಿದ್ರೆ ಟೀಮಿಗೆ ಮೋಸ ಮಾಡಿದ ಹಾಗೆ ಆಗ್ತಿತ್ತಾ?
— ಎರಡನೇ ವರ್ಷದ ಪಿಚರ್, ಜಾರ್ಜಿಯಾ

ಉತ್ತರ: ತಮ್ಮಾ, ಅವತ್ತು ರಾತ್ರಿ ಫೋನಿನಲ್ಲಿ ಹೇಳಿದ್ದನ್ನೇ ನಿನ್ನಂಥ ಬೇರೆ ಹುಡುಗರಿಗಾಗಿ ಬರೆಯುತ್ತಿದ್ದೇನೆ. ಮೋಸ ಆಗುತ್ತಿರಲಿಲ್ಲ.

ರೀಜನಲ್ ಎಂದರೆ ಎರಡು ಸೋಲಿಗೆ ಮನೆ. ಒಮ್ಮೆ ಸೋತ ತಂಡ ಸರಣಿ ಗೆಲ್ಲಬೇಕಾದರೆ ನಾಲ್ಕು ದಿನದಲ್ಲಿ ಐದು ಪಂದ್ಯ ಆಡಬೇಕಾಗಬಹುದು, ಅಷ್ಟು ಪಿಚರ್‌ಗಳು ಯಾವ ಕಾಲೇಜಿನಲ್ಲೂ ಇರುವುದಿಲ್ಲ. ನಿನ್ನ ಕೋಚ್ ಕೇಳಿದ್ದು ಅದಕ್ಕೇ, ಅವರು ಕೆಟ್ಟವರೆಂದಲ್ಲ. ಆದರೆ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ಮಾರ್ಗಸೂಚಿ ನಿನ್ನ ವಯಸ್ಸಿನವರಿಗೆ ಏನು ಹೇಳುತ್ತದೆ ನೋಡು: 81ರಿಂದ 105 ಎಸೆತ ಹಾಕಿದರೆ ನಾಲ್ಕು ದಿನ ವಿಶ್ರಾಂತಿ. ಶುಕ್ರವಾರದಿಂದ ಸೋಮವಾರಕ್ಕೆ ನಡುವೆ ಇರುವುದು ಎರಡೇ ದಿನ.

2009ರ ಮೇ 30ರಂದು ಟೆಕ್ಸಾಸ್ ಮತ್ತು ಬಾಸ್ಟನ್ ಕಾಲೇಜ್ ನಡುವಿನ ರೀಜನಲ್ ಪಂದ್ಯ 25 ಇನ್ನಿಂಗ್ಸ್ ನಡೆಯಿತು. ಟೆಕ್ಸಾಸ್‌ನ ಆಸ್ಟಿನ್ ವುಡ್ ನಡುವೆ ಬಂದು 13 ಇನ್ನಿಂಗ್ಸ್, 169 ಎಸೆತ ಹಾಕಿದರು. ಇಂದಿಗೂ ಜನ ಅದನ್ನು ವೀರಗಾಥೆಯಂತೆ ಹೇಳುತ್ತಾರೆ. ಅವರ ಧೈರ್ಯಕ್ಕೆ ನನ್ನ ನಮಸ್ಕಾರವಿದೆ, ಆದರೆ ನಿನ್ನಂಥವರಿಗೆ ಅದನ್ನು ಮಾದರಿಯಾಗಿ ತೋರಿಸುವುದನ್ನು ನಾನು ಒಪ್ಪಲಾರೆ. ನಾನು ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ಹೀಗೇ ಎರಡು ದಿನದ ಬಿಡುವಿನಲ್ಲಿ ಎಸೆದ. ಮೊಣಕೈಯ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಎಡಗೈಯಲ್ಲಿ ಅಕ್ಷರ ತಿದ್ದುತ್ತಾ ನನ್ನ ಕಚೇರಿಯಲ್ಲಿ ಕೂತಿರುತ್ತಿದ್ದ. ಪಿಚರ್‌ಗಳಿಗೆ ಅದರಿಂದ ಮರಳಲು ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕು.

ಕೋಚ್‌ಗೆ ಒಬ್ಬನೇ ಹೇಳಲು ಆಗದಿದ್ದರೆ ತಂಡದ ಟ್ರೈನರ್ ಹತ್ತಿರ ಹೋಗು. "ಮೊಣಕೈ ಬಿಗಿದಿದೆ" ಎನ್ನುವುದನ್ನು ಮುಚ್ಚಿಡಬೇಡ. ಅಪ್ಪ ಅಮ್ಮನಿಗೂ ಹೇಳು, ಗಾಬರಿಯಾಗುತ್ತಾರೆಂದು ತಡೆಯಬೇಡ.

ಪ್ರಶ್ನೆ: ಭಾವನ ಮಗ ಅಮೆರಿಕದಲ್ಲಿ ಕಾಲೇಜು ತಂಡಕ್ಕೆ ಆಡುತ್ತಾನೆ. ಬಾಯಿ ತೆರೆದರೆ ಒಮಾಹಾ ಎನ್ನುತ್ತಾನೆ. ಹಣ ಕೊಡುವ ಡ್ರಾಫ್ಟ್ ಬಿಟ್ಟು ಈ ಊರಿನ ಹುಚ್ಚು ಏಕೆ? ಡ್ರಾಫ್ಟ್ ಎಂದರೆ ನಮ್ಮ ಐಪಿಎಲ್ ಹರಾಜೇ ತಾನೆ?
— ಒಬ್ಬ ಓದುಗ, ಮೈಸೂರು

ಉತ್ತರ: ಹರಾಜಲ್ಲ, ಅಲ್ಲಿಂದಲೇ ಶುರು ಮಾಡೋಣ. ಐಪಿಎಲ್‌ನಲ್ಲಿ ಎರಡು ಮೂರು ತಂಡಗಳು ಫಲಕ ಎತ್ತಿದಷ್ಟೂ ಹುಡುಗನ ಬೆಲೆ ಏರುತ್ತದೆ. ಡ್ರಾಫ್ಟ್‌ನಲ್ಲಿ ಸರದಿಯಂತೆ ಒಂದು ತಂಡ ಹೆಸರು ಕೂಗಿದರೆ ಆ ಹುಡುಗ ಮಾತಾಡಬಹುದಾದ ತಂಡ ಅದೊಂದೇ. ಐಪಿಎಲ್‌ಗೆ ಆಯ್ಕೆಯಾದವನು ಅದೇ ಬೇಸಿಗೆಯಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಇಳಿಯಬಹುದು. ಇಲ್ಲಿ ಆಯ್ಕೆಯಾದವರಲ್ಲಿ ಬಹಳ ಮಂದಿ ಮೇಲಿನ ಲೀಗ್ ನೋಡುವುದೇ ಇಲ್ಲ.

ಒಮಾಹಾ ನೆಬ್ರಾಸ್ಕದ ಊರು. ಕಾಲೇಜು ವರ್ಲ್ಡ್ ಸೀರೀಸ್ 1950ರಿಂದ ಅಲ್ಲಿ ನಡೆಯುತ್ತಿದೆ. 2010ರ ತನಕ ರೋಸನ್‌ಬ್ಲಾಟ್ ಮೈದಾನದಲ್ಲಿ, ಈಗ ಪೇಟೆ ನಡುವಿನ ಹೊಸ ಮೈದಾನದಲ್ಲಿ. 64 ತಂಡ 16 ಕಡೆ ಆಡಿ, 16 ಉಳಿದು, ಅವು ಜೋಡಿಯಾಗಿ ಮೂರು ಪಂದ್ಯಗಳ ಸರಣಿ ಆಡಿ, ಎಂಟು ತಂಡ ಅಲ್ಲಿಗೆ ಹೋಗುತ್ತವೆ. 2022ರಲ್ಲಿ 64ರೊಳಗೆ ಕೊನೆಯದಾಗಿ ಜಾಗ ಪಡೆದ ಓಲ್ ಮಿಸ್ ತಂಡವೇ ಕಪ್ ಎತ್ತಿತು. ಹುಡುಗರು ಇದನ್ನು ನೆನೆದೇ ವರ್ಷವಿಡೀ ಬೆಳಗಿನ ಐದಕ್ಕೆ ಏಳುತ್ತಾರೆ. ವೃತ್ತಿ ಆಟದಲ್ಲಿ ಪಕ್ಕದವನು ನಾಳೆ ಬೇರೆ ಊರಿನ ತಂಡಕ್ಕೆ ಹೋಗಿರುತ್ತಾನೆ. ಒಂದೇ ಹಾಸ್ಟೆಲ್, ಒಂದೇ ಮೆಸ್ಸು, ಒಂದೇ ಬಣ್ಣದ ಅಂಗಿಯ ಮೂರು ವರ್ಷ ಮತ್ತೆ ಸಿಗುವುದಿಲ್ಲವೆಂದು ಅವರಿಗೆ ಗೊತ್ತು.

ಹಿಂದೆ ಡ್ರಾಫ್ಟ್ ಜೂನ್‌ನಲ್ಲೇ ನಡೆಯುತ್ತಿತ್ತು, ಸೂಪರ್ ರೀಜನಲ್ ಹೊತ್ತಿನಲ್ಲೇ ಫೋನ್ ಬರುತ್ತಿತ್ತು. 2021ರಿಂದ ಜುಲೈಗೆ ಹೋಗಿದೆ. ಇದು ಹುಡುಗರಿಗೆ ಮಾಡಿದ ದೊಡ್ಡ ಉಪಕಾರ ಎಂದೇ ನನ್ನ ಭಾವನೆ. 2023ರಲ್ಲಿ ಲೂಸಿಯಾನ ಸ್ಟೇಟ್ ಒಮಾಹಾದಲ್ಲಿ ಗೆದ್ದ ಮೇಲೆ ಪಾಲ್ ಸ್ಕೀನ್ಸ್, ಡಿಲನ್ ಕ್ರೂಸ್ ಡ್ರಾಫ್ಟ್‌ನ ಮೊದಲ ಎರಡು ಹೆಸರುಗಳಾದರು. ಒಂದೇ ಕಾಲೇಜಿನ ಇಬ್ಬರಿಗೆ ಆ ಎರಡೂ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಒಮಾಹಾದ ಆಸೆ ಹಣಕ್ಕೆ ಅಡ್ಡ ಬರಲಿಲ್ಲ.

ಪ್ರಶ್ನೆ: ನಾನು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೇನೆ, ಮಗ ಅವಲಂಬಿತರ ಎಚ್-4ರಲ್ಲಿ. ಗ್ರೀನ್ ಕಾರ್ಡ್ ಸಾಲಿನಲ್ಲಿದ್ದೇವೆ. ಅವನಿಗೆ ಮುಂದಿನ ವರ್ಷ 21. ಡ್ರಾಫ್ಟ್‌ಗೆ ಅರ್ಹನೇ?
— ಫ್ರಿಸ್ಕೊ, ಟೆಕ್ಸಾಸ್

ಉತ್ತರ: ಅರ್ಹ. ಅಮೆರಿಕದ ಶಾಲೆ ಅಥವಾ ಕಾಲೇಜಿನಲ್ಲಿ ಓದಿದವರಿಗೆ ಪೌರತ್ವ ಕೇಳುವುದಿಲ್ಲ. ನಾಲ್ಕು ವರ್ಷದ ಕಾಲೇಜಿನಲ್ಲಿದ್ದರೆ ಮೂರು ವರ್ಷ ಮುಗಿದಿರಬೇಕು ಅಥವಾ 21 ತುಂಬಿರಬೇಕು. ತೊಡಕಿರುವುದು ಆ 21ರಲ್ಲೇ. ಅಂದು ಎಚ್-4 ಮುಗಿಯುತ್ತದೆ, ಓದು ಮುಂದುವರಿಸಲು ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಬೇಕು. ತಂಡ ಸಹಿ ಹಾಕಿಸಿಕೊಂಡರೆ ಅದೇ ಆಟಗಾರರ ಪಿ-1 ವೀಸಾಕ್ಕೆ ಅರ್ಜಿ ಹಾಕುತ್ತದೆ. 2006ರ ಕಾನೂನಿನಿಂದ ಮೈನರ್ ಲೀಗ್ ಆಟಗಾರರಿಗೂ ಅದು ಸಿಗುತ್ತದೆ.

ನೀವು ಕೇಳದ ಒಂದನ್ನು ಸೇರಿಸುತ್ತೇನೆ. 2021ರ ಜುಲೈಯಿಂದ ಕಾಲೇಜು ಆಟಗಾರರು ಜಾಹೀರಾತಿನಲ್ಲಿ ಹಣ ಗಳಿಸಬಹುದು. ತಂಡದ ಗೆಳೆಯರು ಗಳಿಸುತ್ತಿದ್ದಾರೆಂದು ನಿಮ್ಮ ಮಗನೂ ಒಂದು ಫೋಟೋಗೆ ಹಣ ತೆಗೆದುಕೊಂಡರೆ ಅನುಮತಿಯಿಲ್ಲದ ಕೆಲಸವಾಗಿಬಿಡುವ ಅಪಾಯವಿದೆ. ಕೋಚ್ "ಪರವಾಗಿಲ್ಲ" ಎಂದರೂ ವಲಸೆ ವಕೀಲರನ್ನು ಕೇಳದೆ ಒಂದು ಡಾಲರ್ ಮುಟ್ಟಬಾರದು.

ಪ್ರಶ್ನೆ: ನನಗೆ ಎಪ್ಪತ್ತೆಂಟು. ಮೊಮ್ಮಗನ ಹೆಸರು ಹೋದ ವರ್ಷ ಡ್ರಾಫ್ಟ್‌ನಲ್ಲಿ ಬರಲಿಲ್ಲ. ಈ ಸಲ ಅವನ ಕೊನೆಯ ವರ್ಷ, ತಂಡ 64ರಲ್ಲೂ ಬರಲಿಲ್ಲ. ಫೋನ್ ಮಾಡುವುದೇ ಕಮ್ಮಿ ಮಾಡಿದ್ದಾನೆ. ಹತ್ತು ವರ್ಷದವನಿದ್ದಾಗ ರಜೆಗೆ ಬಂದು ನಮ್ಮ ಹಿತ್ತಲ ಗೋಡೆಗೆ ಚೆಂಡು ಎಸೆದೆಸೆದು ಸುಣ್ಣ ಉದುರಿಸಿದ್ದ. ಈ ಆಟ ನನಗೆ ತಿಳಿಯದು. ಏನು ಮಾತಾಡಲಿ?
— ಒಬ್ಬ ಅಜ್ಜಿ, ದಾವಣಗೆರೆ

ಉತ್ತರ: ಅಮ್ಮ, 2019ರ ತನಕ ಡ್ರಾಫ್ಟ್‌ನಲ್ಲಿ 40 ಸುತ್ತು ಇತ್ತು. ಈಗ 20, ಸುಮಾರು 600 ಹೆಸರು ಮಾತ್ರ. ಆಗಾಗಿದ್ದರೆ ಕರೆ ಬರುತ್ತಿದ್ದ ಎಷ್ಟೋ ಹುಡುಗರಿಗೆ ಈಗ ಬರುತ್ತಿಲ್ಲ. ಅವನ ಆಟ ಕೆಟ್ಟಿತೆಂದು ಅದರ ಅರ್ಥವಲ್ಲ. ಜುಲೈಯಲ್ಲಿ ಮತ್ತೆ ಡ್ರಾಫ್ಟ್ ಇದೆ, ಅಲ್ಲಿ ಹೆಸರು ಬಾರದಿದ್ದರೂ ಯಾವ ತಂಡದ ಜೊತೆಯಾದರೂ ಸಹಿ ಹಾಕಬಹುದು, ಸ್ವತಂತ್ರ ಲೀಗ್‌ಗಳೂ ಇವೆ. ಇದೆಲ್ಲ ಅವನಿಗೆ ಗೊತ್ತಿರುತ್ತದೆ, ನೀವು ಹೇಳಬೇಕಾಗಿಲ್ಲ.

ಅವನು ಮಾಡಲೆಂದು ಕಾಯಬೇಡಿ, ನೀವೇ ಫೋನ್ ಮಾಡಿಸಿ. ಆಟ ಏನಾಯಿತು, ಮುಂದೇನು ಎಂದು ಕೇಳಬೇಡಿ, ಸುತ್ತಲಿನವರೆಲ್ಲ ಅದನ್ನೇ ಕೇಳುತ್ತಿರುತ್ತಾರೆ. ಊಟ ಆಯಿತೇ ಎಂದು ಕೇಳಿ. ಹಿತ್ತಲ ಗೋಡೆಯ ಗುರುತು ಇನ್ನೂ ಹಾಗೇ ಇದ್ದರೆ ಅದನ್ನು ಹೇಳಿ, ಪಕ್ಕದ ಮನೆಯವರ ಕೈಯಲ್ಲಿ ಒಂದು ಫೋಟೋ ತೆಗೆಸಿ ಕಳಿಸಿಕೊಡಿ.