ಬಗ್ಗಿ ನೋಡದೆ ಹೊಡೆದ ಔಷಧಿ

ನಮ್ಮ ಮೂರು ಎಕರೆ ಗದ್ದೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮಂಡಗದ್ದೆ ಪಕ್ಷಿಧಾಮದ ಹತ್ತಿರ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು ಬೆಳಗಾದರೆ ಸುತ್ತಲಿನ ಗದ್ದೆಗಳಿಗೆ ಇಳಿಯುತ್ತವೆ. ಚಿಕ್ಕಂದಿನಿಂದ ಕಂಡದ್ದೇ ಆದ್ದರಿಂದ, ಅವು ಅಲ್ಲಿ ಏನು ಹೆಕ್ಕುತ್ತವೆ ಎಂದು ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದ್ದು ಒಂದು ವರ್ಷದ ನಷ್ಟ.

ಆ ಸಲ ನಾಟಿಯಾಗಿ ತಿಂಗಳಾಗಿತ್ತು. ಅಲ್ಲಲ್ಲಿ ಗರಿಗಳು ಸುರುಳಿ ಸುತ್ತಿ ಬಿಳಿಚಿಕೊಂಡವು. ಎಲೆ ಸುರುಳಿ ಹುಳು. ಔಷಧಿ ಅಂಗಡಿಯಲ್ಲಿ ಕೊಟ್ಟ ಬಾಟಲಿ ತಂದು ಹೊಡೆದೆ. ಹದಿನೈದು ದಿನ ಬಿಟ್ಟು ಮತ್ತೊಂದು ಸಲ. ಪೈರು ಕಪ್ಪು ಹಸಿರಾಗಲಿ ಎಂದು ಯೂರಿಯಾವನ್ನೂ ಕೈತುಂಬ ಚೆಲ್ಲಿದೆ. ಗದ್ದೆ ನೋಡುವ ಹಾಗಿತ್ತು. ಪಕ್ಕದ ಗದ್ದೆಯ ಹಿರಿಯರು ಮಾತ್ರ ಅಂಚಿನ ಮೇಲೆ ನಿಂತು, "ಎಂಥ ಮಾರಾಯ, ನಿನ್ನ ಗದ್ದೇಲಿ ಕಪ್ಪೆ ಕೂಗೋದೇ ನಿಂತೋಯ್ತಲ್ಲ" ಅಂದರು. ನಕ್ಕು ಸುಮ್ಮನಾದೆ.

ತೆನೆ ಹಾಲುಗಟ್ಟುವ ಹೊತ್ತಿಗೆ ಗದ್ದೆಯ ನಡುವೆ ಬೆಂಕಿ ತಾಗಿದಂತೆ ಒಂದು ಗುಂಡನೆಯ ತೇಪೆ ಒಣಗಿತು. ವಾರದೊಳಗೆ ಒಂದು ನಾಲ್ಕಾಯಿತು. ಬುಡ ಬಿಡಿಸಿದರೆ ನೀರಿಗಿಂತ ತುಸು ಮೇಲೆ ಕಂದು ಜಿಗಿಹುಳುಗಳು ಮುತ್ತಿಕೊಂಡಿದ್ದವು. ಕೈ ತಾಗಿಸಿದರೆ ಕಾಂಡದ ಆಚೆ ಬದಿಗೆ ಸರಿಯುತ್ತಿದ್ದವು. ಒಂದು ಎಕರೆ ಭತ್ತ ಜೊಳ್ಳಾಯಿತು.

ಆಮೇಲೆ ಕೃಷಿ ವಿಜ್ಞಾನಿಯೊಬ್ಬರು ಬಿಡಿಸಿ ಹೇಳಿದರು. ಜಿಗಿಹುಳು ಮೊಟ್ಟೆಯಿಡುವುದು ಎಲೆಯ ಕವಚದ ಒಳಗೆ. ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಸಾಯುವುದು ಹೊರಗೆ ಓಡಾಡುವ ಜೇಡ, ಆ ಮೊಟ್ಟೆಯನ್ನೇ ಹೀರುವ ಸಣ್ಣ ಹಸಿರು ಮಿರಿಡ್ ತಿಗಣೆ. ವಾರ ಕಳೆದು ಮರಿಗಳು ಹೊರಬಂದಾಗ ತಿನ್ನುವವರೇ ಇರುವುದಿಲ್ಲ. ಯೂರಿಯಾ ಉಂಡ ಮೆದು ಪೈರು ಮಾತ್ರ ಕಾದಿರುತ್ತದೆ. ಇಂಡೊನೇಷ್ಯಾದಲ್ಲಿ ಇದೇ ಕಥೆ ದೇಶದಗಲ ನಡೆದು, 1986ರಲ್ಲಿ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನೇ ನಿಷೇಧಿಸಬೇಕಾಯಿತು.

ಮರುವರ್ಷದಿಂದ ನಾಟಿಯಾದ ನಲವತ್ತು ದಿನ ಪಂಪು ಮುಟ್ಟುವುದಿಲ್ಲ ಎಂದುಕೊಂಡೆ. ಗರಿ ಸುತ್ತಿದ್ದನ್ನು ಕಂಡು ಕೈ ತುರಿಸಿತು, ತಡೆದುಕೊಂಡೆ. ಹೊಸ ಗರಿ ಬಂದು ಪೈರು ಚೇತರಿಸಿತು. ಎರಡು ಮೂರು ಮೀಟರಿಗೊಂದು ಒಂದಡಿ ಹಾದಿ ಬಿಟ್ಟು ನಾಟಿ ಮಾಡಿಸಿದೆ. ಅಂಚಿನ ಹುಲ್ಲನ್ನು ಬೋಳಿಸದೆ ಅರ್ಧ ಉಳಿಸಿದೆ. ಒಂದೆಲಗ ಹಬ್ಬಿತು, ಏರೋಪ್ಲೇನ್ ಚಿಟ್ಟೆಗಳು ಬಂದವು.

ಒಂದು ಬೆಳಿಗ್ಗೆ ಬುಡ ಬಿಡಿಸಿದಾಗ ಬೆರಳುಗುರಿನಷ್ಟು ಕಂದು ಜೇಡವೊಂದು ನೀರಿನ ಮೇಲೇ ಓಡಿತು. ಬೆನ್ನ ತುಂಬ ಮರಳು ಮೆತ್ತಿಕೊಂಡಂತಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಅದು ಮರಳಲ್ಲ, ಮರಿಗಳು. ಬಲೆ ನೇಯದೆ ಓಡಿ ಬೇಟೆಯಾಡುವ ತೋಳ ಜೇಡ ಅದು.

ಹಾಗೆಂದು ಗದ್ದೆಗೆ ಬರುವವರೆಲ್ಲ ನೆಂಟರಲ್ಲ. ಏಡಿ ಅಂಚು ಕೊರೆದು ರಾತ್ರೋರಾತ್ರಿ ನೀರು ಖಾಲಿ ಮಾಡುತ್ತದೆ. ಬೆಳಗೆದ್ದು ಹುಲ್ಲು ಕೆಸರು ತುರುಕುವುದು ತಪ್ಪಿಲ್ಲ. ಕಾಡುಹಂದಿಗೆ ಈಗಲೂ ರಾತ್ರಿ ಕಾವಲು ಬೇಕು. ಅಂಚಿನ ಹುಲ್ಲಲ್ಲಿ ಹೆಗ್ಗಣ ಸೇರಿತು. ಅದರ ಹಿಂದೆಯೇ ಕೇರೆಹಾವೂ ಬಂತು. ಎರಡು ವರ್ಷ ಜಿಗಿಹುಳು ಕಂಡರೂ ತೇಪೆ ಬೀಳಲಿಲ್ಲ. ಮೂರನೆಯ ವರ್ಷ ಒಂದು ಮಡಿಯಲ್ಲಿ ಏರಿತು. ನೀರು ಬಸಿದು, ಆ ಮಡಿಗೆ ಮಾತ್ರ ಬುಡಕ್ಕೆ ತಾಗುವಂತೆ ಔಷಧಿ ಕೊಟ್ಟೆ.

ಈಗ ಕೇಳುವವರಿಗೆ ನಾನು ಹೇಳುವುದಿಷ್ಟು: ಪಂಪು ಹೆಗಲಿಗೇರಿಸುವ ಮೊದಲು ಗದ್ದೆಯೊಳಗೆ ಇಳಿದು ಹತ್ತು ಬುಡ ಬಿಡಿಸಿ ನೋಡಿ. ಹುಳುವನ್ನು ಎಣಿಸಿ, ಜೇಡವನ್ನೂ ಎಣಿಸಿ. ಅಂಚಿನ ಮೇಲೆ ನಿಂತರೆ ಎರಡೂ ಕಾಣುವುದಿಲ್ಲ.